ಟ್ರ್ಯಾಕ್ಟರಿನ ಹಿಂಬದಿ: ಮೂರು ಜೋಡಣೆ, ಮೂರು ಎಚ್ಚರಿಕೆ

ಟ್ರ್ಯಾಕ್ಟರ್ ಎಂದರೆ ಉಳುವ ಯಂತ್ರ ಎಂಬ ಭಾವನೆ ಅನೇಕರಲ್ಲಿದೆ. ಆದರೆ ಉಳುಮೆ ವರ್ಷದಲ್ಲಿ ಕೆಲವೇ ದಿನಗಳ ಕೆಲಸ. ಹೊಲ ಸಮ ಮಾಡುವುದು, ಬಿತ್ತನೆ, ಔಷಧಿ ಸಿಂಪರಣೆ, ಒಕ್ಕಣೆ, ಗೊಬ್ಬರ ಸಾಗಣೆ ಇವೆಲ್ಲವನ್ನೂ ಅದರಿಂದ ಮಾಡಿಸಿಕೊಂಡರೆ ಹಾಕಿದ ಬಂಡವಾಳ ಕೈಗೆ ಬಂದೀತು. ಈ ಕೆಲಸಗಳಿಗೆ ಶಕ್ತಿ ದೊರೆಯುವುದು ಟ್ರ್ಯಾಕ್ಟರಿನ ಹಿಂಬದಿಯ ಮೂರು ಜೋಡಣೆಗಳಿಂದ. ಒಂದೊಂದಕ್ಕೂ ಅದರದೇ ಕೆಲಸವುಂಟು, ಅದರದೇ ಅಪಾಯವೂ ಉಂಟು.

1. ಮೂರು ಬಿಂದುಗಳ ಜೋಡಣೆ

ಕೆಳಗಿನ ಎರಡು ತೋಳುಗಳು ಮತ್ತು ಮೇಲಿನ ಒಂದು ಕೊಂಡಿ ಸೇರಿ ಈ ಜೋಡಣೆಯಾಗಿದೆ. ನೇಗಿಲು, ಕಲ್ಟಿವೇಟರ್, ಕೂರಿಗೆಗಳನ್ನು ಇದಕ್ಕೆ ಕಟ್ಟುತ್ತಾರೆ. ನೇಗಿಲು ನೆಲಕ್ಕೆ ಇಳಿಯದಿದ್ದರೆ ಅದರ ಮೇಲೆ ಕಲ್ಲು ಹೇರುವುದು ಸರಿಯಲ್ಲ. ಮೇಲಿನ ಕೊಂಡಿಯನ್ನು ತಿರುಗಿಸಿ ಸ್ವಲ್ಪ ಗಿಡ್ಡ ಮಾಡಿರಿ. ನೇಗಿಲಿನ ಮೂತಿ ಕೆಳಗೆ ಬಾಗಿ ಆಳಕ್ಕೆ ಹೋಗುತ್ತದೆ.

ಹೈಡ್ರಾಲಿಕ್‌ಗೆ ಸಾಮಾನ್ಯವಾಗಿ ಎರಡು ಹಿಡಿಕೆಗಳಿರುತ್ತವೆ. ನೇಗಿಲಿಗೆ ಡ್ರಾಫ್ಟ್ ಹಿಡಿಕೆಯನ್ನು ಬಳಸಿ. ಗಟ್ಟಿ ನೆಲ ಬಂದಾಗ ನೇಗಿಲು ತಾನಾಗಿ ತುಸು ಮೇಲೇಳುತ್ತದೆ, ಎಂಜಿನ್ನಿಗೆ ಭಾರ ಬೀಳುವುದಿಲ್ಲ. ಒಂದೇ ಎತ್ತರದಲ್ಲಿ ನಿಲ್ಲಬೇಕಾದ ಸಿಂಪರಣಾ ಯಂತ್ರಕ್ಕೆ ಪೊಸಿಷನ್ ಹಿಡಿಕೆಯೇ ತಕ್ಕದ್ದು.

ಎಚ್ಚರಿಕೆ: ಎತ್ತಿ ನಿಲ್ಲಿಸಿದ ಉಪಕರಣದ ಕೆಳಗೆ ಕೈ ಹಾಕಬೇಡಿ. ರಿಪೇರಿಗೆ ಮುಂಚೆ ನೆಲಕ್ಕಿಳಿಸಿ, ಇಲ್ಲವೇ ಗಟ್ಟಿ ಆಸರೆ ಕೊಡಿ.

2. ಪಿ.ಟಿ.ಓ. ಷಾಫ್ಟ್

ಒಕ್ಕಣೆ ಯಂತ್ರ, ರೊಟವೇಟರ್, ನೀರೆತ್ತುವ ಪಂಪುಗಳನ್ನು ತಿರುಗಿಸುವುದು ಈ ಷಾಫ್ಟ್. ಇದರ ರೂಢಿಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಎಂಟು ಸೆಂಟಿಮೀಟರ್ ದಪ್ಪದ ಷಾಫ್ಟಿಗೆ ಪಂಚೆಯ ಚುಂಗು ಸಿಕ್ಕಿತೆಂದುಕೊಳ್ಳಿ. ಒಂದೇ ಸೆಕೆಂಡಿನಲ್ಲಿ ಎರಡು ಮೀಟರಿಗಿಂತ ಹೆಚ್ಚು ಬಟ್ಟೆ ಸುತ್ತಿಕೊಳ್ಳುತ್ತದೆ. ಕೂಗಿ ಎಂಜಿನ್ ನಿಲ್ಲಿಸುವಷ್ಟರಲ್ಲಿ ಕಾಲ ಮೀರಿರುತ್ತದೆ.

ಎಚ್ಚರಿಕೆ: ಷಾಫ್ಟಿನ ಮೇಲಿನ ರಕ್ಷಾಕವಚವನ್ನು ಅಡ್ಡಿಯೆಂದು ಕಳಚಿಡಬೇಡಿ. ತಿರುಗುವ ಷಾಫ್ಟನ್ನು ದಾಟಬೇಡಿ, ಸುತ್ತಿ ಬನ್ನಿ. ಸೆರಗು, ಟವೆಲ್ಲು, ಜಡೆ ಬಿಗಿಯಾಗಿರಲಿ. ಒಕ್ಕಣೆ ಯಂತ್ರದಲ್ಲಿ ಕೈ ಕಳೆದುಕೊಂಡವರ ಸಂಖ್ಯೆ ಹೆಚ್ಚಾದುದರಿಂದಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿತು. ತೆನೆ ಕೊಡುವ ದೋಣಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ. ಮೇಲ್ಮುಚ್ಚಿಗೆ ಇರುವ ಯಂತ್ರವನ್ನೇ ಕೊಳ್ಳಿರಿ, ಬಾಡಿಗೆಗೂ ಅದನ್ನೇ ತನ್ನಿರಿ.

3. ಎಳೆಯುವ ಪಟ್ಟಿ

ಟ್ರೇಲರ್, ಮರದ ದಿಮ್ಮಿ, ಬೊಡ್ಡೆ ಯಾವುದನ್ನೇ ಎಳೆಯಲಿ, ಸರಪಳಿಯನ್ನು ಕೆಳಗಿನ ಎಳೆಯುವ ಪಟ್ಟಿಗೇ ಕಟ್ಟಬೇಕು. ಅಚ್ಚಿಗೋ ಮೇಲಿನ ಕೊಂಡಿಗೋ ಕಟ್ಟಿದರೆ, ಭಾರ ಕದಲದಿದ್ದಾಗ ಟ್ರ್ಯಾಕ್ಟರಿನ ಮುಂಭಾಗವೇ ಎದ್ದು ಚಾಲಕನ ಮೇಲೆ ಮಗುಚುತ್ತದೆ. ಇದಕ್ಕೆ ಒಂದೆರಡು ಸೆಕೆಂಡು ಸಾಕು.

ಎಚ್ಚರಿಕೆ: ಕ್ಲಚ್ಚನ್ನು ಒಮ್ಮೆಲೇ ಬಿಡಬೇಡಿ. ಕೆಸರಿನಲ್ಲಿ ಹೂತ ಹಿಂಗಾಲಿಯ ಮುಂದೆ ದಿಮ್ಮಿ ಕೊಟ್ಟು ಏರಿಸಲು ಹೋಗಬೇಡಿ, ಹಿಂದಕ್ಕೆ ತೆಗೆಯಿರಿ. ಟ್ರೇಲರಿನೊಡನೆ ರಸ್ತೆಗಿಳಿಯುವ ಮುಂಚೆ ಎರಡೂ ಬ್ರೇಕ್ ಪೆಡಲುಗಳನ್ನು ಕೂಡಿಸುವ ಚಿಲಕ ಹಾಕಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ಗೇರ್ ತಪ್ಪಿಸಬೇಡಿ. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವುದು ಎಷ್ಟು ಮಾತ್ರಕ್ಕೂ ಕೂಡದು.

ಅನೇಕ ಮನೆಗಳಲ್ಲಿ ಟ್ರ್ಯಾಕ್ಟರ್ ಕೊಳ್ಳುವವರು ಒಬ್ಬರು, ನಡೆಸುವವರು ಇನ್ನೊಬ್ಬರು. ಓದುಬರಹ ಬಲ್ಲ ತಾವು ಈ ಮಾತುಗಳನ್ನು ನಿಮ್ಮ ಚಾಲಕನಿಗೂ, ಕಣದಲ್ಲಿ ತೆನೆ ಕೊಡುವ ಆಳುಗಳಿಗೂ ಸುಗ್ಗಿಗೆ ಮುಂಚೆಯೇ ಓದಿ ಹೇಳಿರಿ. ಯಂತ್ರದ ಬಳಿ ನಿಲ್ಲುವವರು ಅವರೇ.