ಬೆರಳ ತುದಿಯಲ್ಲಿ ನೆರೆಯವರ ಸುದ್ದಿ

ಒಂದೇ ಬಾವಿಯಿಂದ ಹತ್ತು ಮನೆಯವರು ನೀರು ಸೇದುವ ಕೇರಿಯಲ್ಲಿ ಯಾರು ಊರಲ್ಲಿದ್ದಾರೆ, ಯಾರು ಪರಸ್ಥಳಕ್ಕೆ ಹೋಗಿದ್ದಾರೆ, ಯಾರ ಮನೆಯ ಕೊಡ ಎರಡು ದಿನದಿಂದ ಬಾವಿಗಿಳಿದಿಲ್ಲ ಎಂಬುದೆಲ್ಲ ಕೇಳದೆಯೇ ತಿಳಿಯುತ್ತದೆ. ಅದನ್ನು ಗೂಢಚರ್ಯೆಯೆಂದು ಯಾರೂ ಬಗೆಯುವುದಿಲ್ಲ. ಗಣಕಯಂತ್ರದ ಬಾಲ್ಯದಲ್ಲಿಯೂ ಇಂಥದೊಂದು ನೆರೆಹೊರೆಯಿತ್ತೆಂದರೆ ಇಂದಿನವರಿಗೆ ಸೋಜಿಗವಾದೀತು.

ಈಗ ಕಿಸೆಗೊಂದು ಗಣಕ ಬಂದಿದೆ. ೧೯೬೦ರ ದಶಕದಲ್ಲಾದರೋ ಒಂದು ದೊಡ್ಡ ಯಂತ್ರವೇ ಒಂದು ವಿಶ್ವವಿದ್ಯಾನಿಲಯದ ಆಸ್ತಿ. ಅದನ್ನು ಒಬ್ಬನ ವಶಕ್ಕೇ ಬಿಟ್ಟುಕೊಡುವುದು ಸಾಧ್ಯವಿರಲಿಲ್ಲ. ಆದುದರಿಂದ ಯಂತ್ರದ ಕಾಲವನ್ನೇ ಚೂರುಚೂರಾಗಿ ಹಂಚುವ ಉಪಾಯವನ್ನು ವಿಜ್ಞಾನಿಗಳು ಕಂಡುಕೊಂಡರು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ೧೯೬೧ರಲ್ಲಿ ಇಂಥ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಹಲವರು ತಂತಮ್ಮ ಟರ್ಮಿನಲ್ಲುಗಳ ಮುಂದೆ ಕುಳಿತಿರುವರು; ಯಂತ್ರವು ಕ್ಷಣಕ್ಷಣಕ್ಕೂ ಒಬ್ಬರಿಂದ ಇನ್ನೊಬ್ಬರ ಕಡೆಗೆ ತಿರುಗುತ್ತಿರುವುದು. ಯಂತ್ರವೆಲ್ಲ ತನ್ನದೇ ಎಂದು ಪ್ರತಿಯೊಬ್ಬನಿಗೂ ತೋರುವುದು!

ಬೆರಳು ಕಲಿಸಿದ ಪಾಠ

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿಯೂ ಇಂಥ ಯಂತ್ರವಿತ್ತು. ಅಲ್ಲಿಯವರು ಹಗಲಿರುಳೆನ್ನದೆ ದುಡಿಯುವವರು. ಯಾರು ಯಾವಾಗ ಬರುವರು, ಯಾವಾಗ ಹೋಗುವರು ಎಂಬುದಕ್ಕೆ ನೇಮವಿರಲಿಲ್ಲ. ಯಂತ್ರವನ್ನು ಕೇಳಿದರೆ ಆಗ ಕೆಲಸದಲ್ಲಿರುವವರ ಪಟ್ಟಿಯನ್ನೇನೋ ಅದು ಕೊಡುತ್ತಿತ್ತು. ಆದರೆ ಅದರಲ್ಲಿದ್ದುದು ಎರಡು ಮೂರು ಅಕ್ಷರಗಳ ಸಂಕೇತನಾಮಗಳು ಮಾತ್ರ. ಜನರು ಪಟ್ಟಿಯ ಮೇಲೆ ಬೆರಳಾಡಿಸುತ್ತ, ‘ಇವನಾರು? ಇವನೆಲ್ಲಿ ಕುಳಿತಿದ್ದಾನೆ?’ ಎಂದು ಬಲ್ಲವರನ್ನು ಕೇಳುತ್ತಿದ್ದರು.

ಪ್ರಯೋಗಶಾಲೆಯ ಲೆಸ್ ಅರ್ನೆಸ್ಟ್ ಎಂಬವರು ಇದನ್ನು ಗಮನಿಸಿದರು. ಬೆರಳು ಮಾಡುವ ಕೆಲಸವನ್ನು ಯಂತ್ರವೇ ಮಾಡಬಾರದೇಕೆ? ೧೯೭೦ರ ದಶಕದ ಆರಂಭದಲ್ಲಿ ಅವರೊಂದು ಪ್ರೋಗ್ರಾಂ ಬರೆದು, ಅದಕ್ಕೆ ‘ಫಿಂಗರ್’, ಅಂದರೆ ಬೆರಳು, ಎಂದೇ ಹೆಸರಿಟ್ಟರು. ಅದು ಬಳಕೆದಾರನ ಪೂರ್ಣ ನಾಮಧೇಯವನ್ನೂ, ಅವನು ಕುಳಿತ ಸ್ಥಳವನ್ನೂ, ಕೀಲಿಯನ್ನು ಒತ್ತಿ ಎಷ್ಟು ಹೊತ್ತಾಯಿತೆಂಬುದನ್ನೂ ತಿಳಿಸುತ್ತಿತ್ತು. ವಾಲಿಬಾಲ್ ಆಟಕ್ಕೆ ಜನ ಬೇಕೆ, ಚೀನೀ ಊಟಕ್ಕೆ ಜೊತೆ ಬೇಕೆ, ಯಂತ್ರಕ್ಕೆ ಕಾಟ ಕೊಡುತ್ತಿರುವವನು ಯಾರೆಂದು ಹಿಡಿಯಬೇಕೆ—ಎಲ್ಲಕ್ಕೂ ಇದೇ ಸಾಧನವಾಯಿತು.

ಇದರಲ್ಲಿ ಇನ್ನೊಂದು ಸೊಗಸಿತ್ತು. ತನ್ನ ಮುಂದಿನ ಕಾರ್ಯಕ್ರಮವನ್ನು ತಿಳಿಸಲು ಪ್ರತಿಯೊಬ್ಬನೂ ‘ಪ್ಲಾನ್’ ಎಂಬ ಚೀಟಿಯನ್ನು ಬರೆದಿಡಬಹುದಾಗಿತ್ತು. ರಜೆಯ ವಿಷಯವನ್ನು ಬರೆಯಲೆಂದು ಹುಟ್ಟಿದ ಈ ಚೀಟಿಯಲ್ಲಿ ಕ್ರಮೇಣ ಚಾಟೂಕ್ತಿಗಳೂ ವೇದಾಂತವೂ ಸೇರಿಕೊಂಡವು.

ದಾರಿ ಉದ್ದವಾಯಿತು

ಈ ನಡುವೆ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಮಾತನಾಡತೊಡಗಿದ್ದವು. ದೂರದ ಯಂತ್ರವನ್ನು ಇದೇ ಪ್ರಶ್ನೆ ಕೇಳುವ ವಿಧಾನವನ್ನು ೧೯೭೭ರ ಡಿಸೆಂಬರಿನಲ್ಲಿ ಕೆನ್ ಹ್ಯಾರೆನ್‌ಸ್ಟೀನ್ ಎಂಬವರು ಬರೆದು ಪ್ರಕಟಿಸಿದರು. ಮುಂದೆ ಇಂಟರ್‌ನೆಟ್ಟಿನಲ್ಲಿ ಫಿಂಗರಿಗೆ ೭೯ನೆಯ ಸಂಖ್ಯೆಯ ಬಾಗಿಲು ಮೀಸಲಾಯಿತು. ಬಾಗಿಲು ತಟ್ಟಿದವನು ತನ್ನ ಹೆಸರನ್ನು ಹೇಳಬೇಕಾಗಿರಲಿಲ್ಲ. ಉತ್ತರ ಮಾತ್ರ ದೊರೆಯುತ್ತಿತ್ತು.

ಇದೇ ಕಾಲದಲ್ಲಿ ಬೆಲ್ ಪ್ರಯೋಗಶಾಲೆಯ ಯೂನಿಕ್ಸ್ ವ್ಯವಸ್ಥೆ ಜನಪ್ರಿಯವಾಗುತ್ತಿತ್ತು. ಅದರಲ್ಲಿ ಬಳಕೆದಾರರ ಹೆಸರುಗಳೆಲ್ಲ ಒಂದೇ ಕಡತದಲ್ಲಿ ಇರುತ್ತಿದ್ದವು. ಯಂತ್ರವು ಜನರನ್ನು ಅಂಕಿಗಳಿಂದ ಗುರುತಿಸುವುದು. ಅಂಕಿಗೆ ತಕ್ಕ ಹೆಸರನ್ನು ಹುಡುಕಲು ಎಲ್ಲ ಪ್ರೋಗ್ರಾಂಗಳೂ ಆ ಕಡತವನ್ನು ನೋಡಬೇಕಾಗುತ್ತಿತ್ತು. ಆದಕಾರಣ ಅದು ಎಲ್ಲರೂ ಓದುವಂತೆ ತೆರೆದೇ ಇತ್ತು. ಪಾಸ್‌ವರ್ಡುಗಳೂ ಅದರಲ್ಲಿಯೇ, ಮೂಲವನ್ನು ಮರಳಿ ಪಡೆಯಲಾಗದ ಗೂಢಲಿಪಿಯಲ್ಲಿ ಇದ್ದವು.

ಇಷ್ಟು ಭದ್ರತೆ ಸಾಕೆ? ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ೧೯೭೯ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರು ಪರಿಶೀಲಿಸಿದ ೩,೨೮೯ ಪಾಸ್‌ವರ್ಡುಗಳಲ್ಲಿ ನೂರಕ್ಕೆ ೮೬ ತೀರ ಮೊಟಕಾದವು, ಇಲ್ಲವೆ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು. ಬೀಗ ಗಟ್ಟಿಯಾಗಿದ್ದರೂ ಕೀಲಿಕೈ ಊಹೆಗೆ ನಿಲುಕುವಂತಿತ್ತು.

ತಂದೆಯ ಎಚ್ಚರಿಕೆ, ಮಗನ ಕೃತ್ಯ

ವಿಧಿಯ ವಿನೋದವನ್ನು ನೋಡಿ! ಈ ಎಚ್ಚರಿಕೆ ಎಷ್ಟು ನಿಜವೆಂಬುದನ್ನು ಜಗತ್ತಿಗೆ ತೋರಿಸಿದವನು ಅದೇ ರಾಬರ್ಟ್ ಮಾರಿಸರ ಮಗ. ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಟಪ್ಪನ್ ಮಾರಿಸ್ ೧೯೮೮ರ ನವೆಂಬರ್ ೨ರಂದು ತಾನೇ ಹರಡಿಕೊಳ್ಳುವ ಪ್ರೋಗ್ರಾಂ ಒಂದನ್ನು ಜಾಲದೊಳಕ್ಕೆ ಬಿಟ್ಟನು. ಅದು ನುಗ್ಗಿದ ದಾರಿಗಳಲ್ಲಿ ಒಂದು ಫಿಂಗರಿನ ಬಾಗಿಲು. ಪ್ರಶ್ನೆಯನ್ನು ಹಿಡಿದಿಡಲು ಅಲ್ಲಿದ್ದ ಜಾಗ ೫೧೨ ಅಕ್ಷರಗಳದು. ಈ ‘ಹುಳು’ ೫೩೬ ಅಕ್ಷರಗಳನ್ನು ಸುರಿಯಿತು. ಉಕ್ಕಿ ಚೆಲ್ಲಿದ ಭಾಗವೇ ಯಂತ್ರಕ್ಕೆ ಆಜ್ಞೆಯಾಯಿತು.

ಒಳಹೊಕ್ಕ ಹುಳು ಹೆಸರುಗಳ ತೆರೆದ ಕಡತವನ್ನು ಓದಿತು. ಪ್ರತಿಯೊಬ್ಬನ ಸ್ವಂತ ಹೆಸರನ್ನೇ ನೆಟ್ಟಗೆ, ತಿರುವುಮುರುವಾಗಿ, ಪಾಸ್‌ವರ್ಡೆಂದು ಊಹಿಸಿ ನೋಡಿತು; ತನ್ನಲ್ಲಿದ್ದ ೪೩೨ ಪದಗಳ ಪಟ್ಟಿಯನ್ನೂ ಪ್ರಯೋಗಿಸಿತು. ಆಗ ಜಾಲದಲ್ಲಿದ್ದ ಸುಮಾರು ೬೦,೦೦೦ ಯಂತ್ರಗಳಲ್ಲಿ ೬,೦೦೦ ಕೆಟ್ಟು ಕುಳಿತವೆಂದು ಅಂದಿನವರು ಅಂದಾಜು ಮಾಡಿದರು. ನ್ಯಾಯಾಲಯವು ೧೯೯೦ರಲ್ಲಿ ಮಾರಿಸನಿಗೆ ಸೆರೆವಾಸ ವಿಧಿಸದೆ ಮೂರು ವರ್ಷಗಳ ನಿಗಾವಣೆ, ೪೦೦ ಗಂಟೆಗಳ ಸಮಾಜಸೇವೆ ಮತ್ತು ೧೦,೦೫೦ ಡಾಲರುಗಳ ದಂಡವನ್ನು ವಿಧಿಸಿತು.

ಕ್ರಮೇಣ ಸಂಸ್ಥೆಗಳು ಹೊರಗಿನವರಿಗೆ ಫಿಂಗರ್ ಬಾಗಿಲನ್ನು ಮುಚ್ಚಿದವು. ಗೂಢಲಿಪಿಯ ಪಾಸ್‌ವರ್ಡುಗಳು ಆಡಳಿತಗಾರನಿಗೆ ಮಾತ್ರ ಕಾಣುವ ಬೇರೆ ಕಡತಕ್ಕೆ ಹೋದವು. ಫಿಂಗರಿನಿಂದ ಬಳಕೆದಾರರ ಸೂಕ್ಷ್ಮ ವಿಷಯಗಳು ಹೊರಬೀಳಬಹುದು, ಅದನ್ನು ಇಟ್ಟುಕೊಳ್ಳಬೇಕೆ ಬೇಡವೆ ಎಂಬುದನ್ನು ಆಡಳಿತಗಾರರು ಯೋಚಿಸಿ ನಿರ್ಧರಿಸಬೇಕು ಎಂದು ೧೯೯೧ರ ಹೊಸ ನಿಯಮಾವಳಿಯೇ ಎಚ್ಚರಿಸಿತು.

ಆದರೂ ಹೆಸರುಗಳ ಕಡತ ಇಂದಿನ ಲಿನಕ್ಸ್ ಯಂತ್ರಗಳಲ್ಲಿಯೂ ಎಲ್ಲರಿಗೂ ತೆರೆದೇ ಇದೆ. ‘ಕೊನೆಗೆ ಕಂಡದ್ದು ಇಷ್ಟು ಗಂಟೆಗೆ’ ಎಂದು ಕೈಫೋನುಗಳು ಸಾರುವ ಸುದ್ದಿಯೂ ಹಳೆಯ ಫಿಂಗರಿನ ಸುದ್ದಿಯೇ. ವ್ಯತ್ಯಾಸವಿರುವುದು ಕೇಳುವವರಲ್ಲಿ. ಅರ್ನೆಸ್ಟರ ಪ್ರಯೋಗಶಾಲೆಯಲ್ಲಿ ನೋಡುವವನನ್ನು ನೋಡಿಸಿಕೊಳ್ಳುವವನೂ ಬಲ್ಲವನಾಗಿದ್ದನು. ಒಬ್ಬನ ಸುದ್ದಿ ಇನ್ನೊಬ್ಬನಿಗೆ ದೊರೆತಂತೆ ಇವನ ಸುದ್ದಿ ಅವನಿಗೂ ದೊರೆಯುತ್ತಿತ್ತು. ಮುಖವಿಲ್ಲದ ಪ್ರಶ್ನಿಗನು ಬಂದ ದಿನ ಆ ಸಮಾನತೆ ಮುರಿಯಿತು. ತನ್ನ ಹೆಸರು, ಊರು, ಹುಟ್ಟಿದ ದಿನಗಳನ್ನು ಯಂತ್ರಕ್ಕೆ ಒಪ್ಪಿಸುವವನು ಅದನ್ನು ಓದುವವರು ಯಾರೆಂದು ಮೊದಲು ವಿಚಾರಿಸುವುದು ಲೇಸು.