ಕರಾರು ಪತ್ರದಲ್ಲಿ ಅವಳ ಹೆಸರೂ ಇರಲಿ

ಗೌರಿಬಿದನೂರಿನ ಗಾರ್ಮೆಂಟ್ಸಿಗೋ ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕಕ್ಕೋ ಹೋಗುವ ಹೆಣ್ಣುಮಕ್ಕಳ ದುಡಿಮೆಯಿಂದಲೇ ಎಷ್ಟೋ ಮನೆಗಳ ಬಾಡಿಗೆ ಸಂದಾಯವಾಗುತ್ತದೆ. ಆದರೆ ಹನ್ನೊಂದು ತಿಂಗಳ ಕರಾರು ಪತ್ರ ತೆಗೆದು ನೋಡಿದರೆ, ಬಾಡಿಗೆದಾರ ಎಂಬಲ್ಲಿ ಸಾಮಾನ್ಯವಾಗಿ ಗಂಡನ ಹೆಸರು, ಕೆಳಗೆ ಅವನ ರುಜು. ಅಡ್ವಾನ್ಸಾಗಲಿ ಭೋಗ್ಯದ ಹಣವಾಗಲಿ ಮರಳುವುದೂ ಅವನ ಕೈಗೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ದೂರು ಕೊಟ್ಟರೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂಬ ಭಯವೇ ಅವರಲ್ಲಿ ಅನೇಕರ ಬಾಯಿ ಕಟ್ಟುತ್ತದೆ.

ಈ ಭಯಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಉತ್ತರವಿದೆ. ಜೊತೆಯಾಗಿ ಬಾಳಿದ ಮನೆ ಬಾಡಿಗೆಯದಾದರೂ, ಕರಾರು ಗಂಡನ ಹೆಸರಿನಲ್ಲೇ ಇದ್ದರೂ, ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎನ್ನುತ್ತದೆ 17ನೇ ಕಲಂ. 19ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡನನ್ನೇ ಮನೆಯಿಂದ ಹೊರಗಿರುವಂತೆ ಆದೇಶಿಸಬಹುದು. ಬಾಡಿಗೆ ಕಟ್ಟುವ ಹೊಣೆ ಹೊರಿಸಬಹುದು. ಅದೇ ಮಟ್ಟದ ಬೇರೆ ಮನೆ ಮಾಡಿಕೊಡು ಎನ್ನಬಹುದು. ಇದಕ್ಕೆ ವಕೀಲರನ್ನೇ ಮೊದಲು ಹುಡುಕಬೇಕಿಲ್ಲ. ಅರ್ಜಿ ಸಲ್ಲಿಸಲು ನೆರವಾಗಬೇಕಾದ ಸಂರಕ್ಷಣಾಧಿಕಾರಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೂ ದಾರಿ ಸಿಗುತ್ತದೆ.

ಕೊರತೆ ಇರುವುದು ಮನೆ ಮಾಲೀಕರ ವಿಷಯದಲ್ಲಿ. ಆದೇಶ ಕಟ್ಟಿಹಾಕುವುದು ಗಂಡನನ್ನು. ಅವನು ಬಾಡಿಗೆ ನಿಲ್ಲಿಸಿದರೆ, ಮನೆ ಬಿಡುತ್ತೇನೆಂದು ಅಡ್ವಾನ್ಸ್ ವಾಪಸ್ ಪಡೆದರೆ, ಕರ್ನಾಟಕ ಬಾಡಿಗೆ ಕಾಯ್ದೆ ಅವಳ ನೆರವಿಗೆ ಬರುವುದಿಲ್ಲ. ಅದರಲ್ಲಿ ಕೌಟುಂಬಿಕ ದೌರ್ಜನ್ಯದ ಪ್ರಸ್ತಾಪವೇ ಇಲ್ಲ. ಅಮೆರಿಕದಲ್ಲಿ ಸರ್ಕಾರದ ನೆರವಿನ ವಸತಿಗಳಲ್ಲಿ ಹಿಂಸೆ ಮಾಡಿದವನ ಹೆಸರನ್ನಷ್ಟೇ ಕರಾರಿನಿಂದ ಬಿಡಿಸಿ, ಉಳಿದವರನ್ನು ಮನೆಯಲ್ಲೇ ಇರಗೊಡಲು ಕಾನೂನು ಅವಕಾಶ ಕೊಡುತ್ತದೆ. ನಮಗೂ ಅಂಥ ತಿದ್ದುಪಡಿ ಬೇಕು.

ಗಂಡ ಹೆಂಡಿರ ಜಗಳದಲ್ಲಿ ನಾವೇಕೆ ನಷ್ಟ ಅನುಭವಿಸಬೇಕು ಎಂದು ಮಾಲೀಕರು ಕೇಳುವುದು ನ್ಯಾಯವೇ. ಆದರೆ ಇಲ್ಲಿ ಬಾಡಿಗೆ ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ಕೊಡುವವರ ಹೆಸರು ಬದಲಾಗುತ್ತದೆ, ಅಷ್ಟೇ. ಕಾಯ್ದೆ ದುರ್ಬಳಕೆಯಾಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು: ವಾಸದ ಆದೇಶದಿಂದ ಯಾರ ಆಸ್ತಿಯೂ ಕೈ ಬದಲಾಗುವುದಿಲ್ಲ, ಪರಿಸ್ಥಿತಿ ಬದಲಾದರೆ ಗಂಡನೂ ಆದೇಶ ಮಾರ್ಪಡಿಸಲು ಕೋರಬಹುದು. ತಿದ್ದುಪಡಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಹೊಸ ಕರಾರು ಮಾಡುವಾಗ ಪತ್ರ ಬರಹಗಾರರು ಇಬ್ಬರ ಹೆಸರನ್ನೂ ಬರೆದು ಇಬ್ಬರ ರುಜುವನ್ನೂ ಪಡೆಯಲಿ. ಆಗ ಅಡ್ವಾನ್ಸ್ ಮರಳಿಸಲು ಅವಳ ಒಪ್ಪಿಗೆಯೂ ಬೇಕಾಗುತ್ತದೆ.