ಒಡ್ಡಿನ ಮೇಲಿನ ಸೀತಾಫಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂದರೆ ತೊಗರಿ ಸೀಮೆ. ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗಿ ಕೈಗೆ ರೊಕ್ಕ ಬರಲು ಡಿಸೆಂಬರ್, ಜನವರಿ ಆಗಬೇಕು. ದಸರಾ, ದೀಪಾವಳಿ ಅಲ್ಲಿಯತನಕ ಕಾಯುವುದಿಲ್ಲ. ಆ ಬರಿಗೈ ದಿನಗಳಲ್ಲೇ ಗುಡ್ಡದ ಓರೆಯಲ್ಲಿ, ಹೊಲದ ಒಡ್ಡಿನ ಮೇಲೆ ಸೀತಾಫಲ ಬಲಿಯುತ್ತದೆ. ಬಹುಪಾಲು ಗಿಡಗಳನ್ನು ಯಾರೂ ನೆಟ್ಟಿಲ್ಲ, ಯಾರೂ ನೀರುಣಿಸಿಲ್ಲ.

ಇಷ್ಟು ನಮ್ಮದಾಗಿರುವ ಗಿಡದ ತವರು ದೂರದ ಅಮೆರಿಕ ಖಂಡದ ಉಷ್ಣ ಸೀಮೆ. ಪೋರ್ಚುಗೀಸರ ಹಡಗುಗಳೊಂದಿಗೆ 16ನೇ ಶತಮಾನದಲ್ಲಿ ಬಂತೆಂಬುದು ಹೆಚ್ಚಿನವರು ಒಪ್ಪುವ ಮಾತು. ಆದರೆ ಅದಕ್ಕೂ ಬಹು ಹಿಂದಿನ ಭಾರ್ಹುತ್ ಸ್ತೂಪದ ಕೆತ್ತನೆಯಲ್ಲೇ ಈ ಹಣ್ಣಿದೆ ಎಂದು ಪುರಾತತ್ವಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ 19ನೇ ಶತಮಾನದಲ್ಲಿ ವಾದಿಸಿದ್ದರು. ಬಂದದ್ದು ಯಾವಾಗಲೇ ಇರಲಿ, ಈ ಬಿಸಿಲ ನಾಡಿನಲ್ಲಿ ಉಳಿದದ್ದು ತನ್ನ ಗಟ್ಟಿತನದಿಂದ. ಎಲೆಗೆ ಆಡು ಕೂಡ ಬಾಯಿ ಹಾಕುವುದಿಲ್ಲ. ಬೇಸಿಗೆಗೆ ಎಲೆ ಉದುರಿಸಿ ಬೋಳಾಗಿ ನಿಂತದ್ದು ಮಳೆ ಬಿದ್ದೊಡನೆ ಚಿಗುರುತ್ತದೆ. ಕಡಿದರೂ ಬುಡದಿಂದ ಮತ್ತೆ ಏಳುತ್ತದೆ.

ಕಾಯಿ ಹರಿಯುವ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಕಾಯಿಯ ಮೈಮೇಲಿನ ಉಬ್ಬುಗಳ ನಡುವಿನ ಗೆರೆ ಬೆಳ್ಳಗೆ ಅಗಲವಾದರೆ ‘ಕಣ್ಣು ಬಿಟ್ಟದ’ ಎನ್ನುತ್ತಾರೆ. ಅಂಥದ್ದನ್ನೇ ಹರಿಯಬೇಕು, ಎಳಸು ಹರಿದರೆ ಹಣ್ಣಾಗದೆ ಕಪ್ಪಾಗಿ ಸುರುಟುತ್ತದೆ. ಬಲಿತದ್ದನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಎರಡು ಮೂರು ದಿನಕ್ಕೆ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಒಂದೆರಡು ದಿನವೂ ತಡೆಯದು. ಬಸ್ ಸ್ಟ್ಯಾಂಡಿನಲ್ಲಿ, ರಸ್ತೆ ಪಕ್ಕದಲ್ಲಿ ಬುಟ್ಟಿ ಇಟ್ಟು ಕೂತವಳು ಸಂಜೆಯಾಗುತ್ತಲೇ ಕೇಳಿದಷ್ಟಕ್ಕೆ ಕೊಟ್ಟುಬಿಡುವುದು ಇದೇ ಕಾರಣಕ್ಕೆ. ಸಗಟು ಕೊಳ್ಳುವವನಿಗೂ ಈ ಗುಟ್ಟು ಗೊತ್ತು. ಅಷ್ಟಾದರೂ ಹೊಲವಿಲ್ಲದ ಮನೆಗೆ ಬಂಡವಾಳವಿಲ್ಲದೆ ಬರುವ ಈ ರೊಕ್ಕ ಚಿಕ್ಕದಲ್ಲ. ಕೂಲಿಯಂತೆ ಇನ್ನೊಬ್ಬರು ಕರೆಯಲೆಂದು ಕಾಯಬೇಕಿಲ್ಲ.

ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಸೀತಾಫಲಕ್ಕೆ 2016ರಲ್ಲೇ ಭೌಗೋಳಿಕ ಸೂಚಿಕೆ ಸಿಕ್ಕಿತು. ಕಲಬುರಗಿಯ ತೊಗರಿಗೆ 2019ರಲ್ಲಿ ಆ ಮಾನ ಬಂತು. ಒಡ್ಡಿನ ಹಣ್ಣಿಗೆ ಮಾನಕ್ಕಿಂತ ಮೊದಲು ಬೇಕಿರುವುದು ತಿರುಳು ತೆಗೆದು ತಣ್ಣಗೆ ಕಾಯ್ದಿಡುವ ವ್ಯವಸ್ಥೆ. ಐಸ್‌ಕ್ರೀಮಿಗೂ ಬಾಸುಂದಿಗೂ ಬೇಡಿಕೆಯಿರುವ ಈ ತಿರುಳು ಗಾಳಿಗೆ ಬೇಗ ಕಂದುತ್ತದೆ. ಒಬ್ಬಳ ಮನೆಯಲ್ಲಿ ಆಗುವ ಕೆಲಸವಲ್ಲ, ಸ್ತ್ರೀಶಕ್ತಿ ಸಂಘಗಳಿಗೆ ತಕ್ಕ ಕೆಲಸ.

ಗಿಡ ಉಳಿದರೆ ತಾನೇ ಇದೆಲ್ಲ? ಒಡ್ಡು ಸವರಲು ಜೆಸಿಬಿ ತರಿಸುವ ರೈತರು ಸೀತಾಫಲದ ಬುಡಗಳನ್ನು ಬಿಟ್ಟು ಸವರಿಸಲಿ. ಗಾಣಗಾಪುರದ ದತ್ತನ ದರ್ಶನಕ್ಕೋ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೋ ಹೊರಟವರು ದಾರಿಯಲ್ಲಿ ಬುಟ್ಟಿ ಕಂಡರೆ ಗಾಡಿ ನಿಲ್ಲಿಸಿ, ಚೌಕಾಸಿ ಮಾಡದೆ ಕೊಳ್ಳಿ.